ತಿರುಗಿ ಬರುವವಳು

ಅಂಬಿಗ ದೋಣಿಗೆ ಮಗಳ ಹೆಸರಿಟ್ಟಿದ್ದಾನೆಂದೇ ದಡದ ಜನ ತಿಳಿದಿದ್ದರು. ನಡೆದದ್ದು ಉಲ್ಟಾ. ಮೊದಲು ನೀರಿಗಿಳಿದದ್ದು ದೋಣಿ. ಅಜ್ಜಿಯ ಬಾಯಲ್ಲಿದ್ದ ಹಳೆಯ ಪದವೊಂದನ್ನು ಅವನು ಅದರ ಮೂತಿಯ ಮೇಲೆ ಬರೆದ. ‘ತಿರುಗಿ ಬರುವವಳು’ ಎಂದು ಅದರ ಅರ್ಥ. ಆಮೇಲೆ ಹುಟ್ಟಿದ ಮಗಳಿಗೂ ಅದೇ ಹೆಸರಾಯಿತು. “ಇನ್ನೊಂದು ಹುಡುಕೋಕೆ ನನಗೆಲ್ಲಿ ಪುರುಸೊತ್ತು?” ಅಂದಿದ್ದನಂತೆ.

ಮಗಳು ಮದುವೆಯಾಗಿ ಹೋದಳು. ಗಂಡ ಕೈಯೆತ್ತಿದ ಮೊದಲ ದಿನವೇ ಟ್ರಂಕು ಹಿಡಿದು ತಿರುಗಿ ಬಂದಳು. ಅಷ್ಟರಲ್ಲಿ ಅಪ್ಪ ಸತ್ತು, ದೋಣಿ ಕೊಟ್ಟಿಗೆಯಲ್ಲಿ ಒಣಗುತ್ತಿತ್ತು.

“ಹೆಸರಿಟ್ಟಾಗಲೇ ಅಂದುಕೊಂಡೆ, ಇವಳು ಬಾಳಲ್ಲ ಅಂತ,” ಎಂದಳು ಸೋದರತ್ತೆ.

“ಬಾಳೋಕೇ ಬಂದಿದ್ದೀನಿ ಅತ್ತೆ. ದೋಣಿ ನಾನು ನಡೆಸ್ತೀನಿ.”

ಅಣ್ಣನಿಗೆ ಟೈರ್ ಅಂಗಡಿ. ನೀರು ಕಂಡರೆ ಮೈ ನಡುಕ. ಅವನು ದೋಣಿಯನ್ನು ಹೋಟೆಲಿನವನೊಬ್ಬನಿಗೆ ಮಾರಲು ಮಾತಾಡಿಟ್ಟಿದ್ದ. ಹೋಟೆಲಿನವನು ಹಳೆಯ ಹೆಸರು ಕೆರೆಸಿ, ಗಿರಾಕಿಗಳನ್ನು ಹೊಳೆಯಲ್ಲಿ ಸುತ್ತಾಡಿಸುವವನಿದ್ದ.

“ಹೆಸರು ನಿನಗೆ ಸಿಕ್ತಲ್ಲ, ದೋಣಿ ನನಗೆ. ಅಲ್ಲಿಗಲ್ಲಿಗೆ ಸರಿಹೋಯ್ತು,” ಎಂದ ಅಣ್ಣ.

“ಹೆಸರಲ್ಲಿ ಕೂತು ಹೊಳೆ ದಾಟೋಕಾಗುತ್ತೇನೋ?”

“ಹೆಂಗಸು ದೋಣಿ ನಡೆಸಿದ್ದನ್ನ ಯಾರು ನೋಡಿದ್ದಾರೆ?”

“ನೋಡ್ತಾರೆ ಬಿಡು.”

ಮರುದಿನ ಹೋಟೆಲಿನವನು ಬರುವ ಮೊದಲೇ ಅವಳು ದೋಣಿಯನ್ನು ದಿಮ್ಮಿಗಳ ಮೇಲೆ ಉರುಳಿಸಿ ನೀರಿಗೆ ತಂದಳು. ಇಳಿಜಾರು ಅವಳ ಪರವಾಗಿತ್ತು. ಹಗ್ಗ ಕಟ್ಟಿ, ಒಳಗೆ ಕಲ್ಲು ತುಂಬಿದಳು. ಹಲಗೆಗಳ ಸಂದಿನಿಂದ ನೀರು ನುಗ್ಗಿತು. ದೋಣಿ ತಳಕ್ಕೆ ಕೂತೇಬಿಟ್ಟಿತು.

ಹೋಟೆಲಿನವನು ಬಂದಾಗ ನೀರಿನ ಮೇಲೆ ಕಂಡದ್ದು ಹೆಸರಿದ್ದ ಮೂತಿಯಷ್ಟೇ. “ಏನ್ರೀ, ತೂತು ದೋಣೀನ ನನ್ನ ತಲೆಗೆ ಕಟ್ತಿದ್ರಾ?” ಎಂದು ಅಣ್ಣನಿಗೆ ಉಗಿದು ಹೊರಟುಹೋದ.

“ಹಾಳುಮಾಡಿದ್ಯಲ್ಲೇ, ಮನೆಹಾಳಿ!” ಎಂದು ಅಣ್ಣ ಕೂಗಾಡಿದ.

ದಡದ ಮೆಟ್ಟಿಲ ಮೇಲೆ ಕೂತು ಹುಟ್ಟಿಗೆ ಎಣ್ಣೆ ಉಜ್ಜುತ್ತಿದ್ದವಳು ತಲೆಯೆತ್ತಲಿಲ್ಲ. “ಒಣಗಿ ಬಾಯಿಬಿಟ್ಟ ಹಲಗೆ ನೀರು ಕುಡಿದು ಊದಿದ್ರೇನೇ ಸಂದು ಮುಚ್ಚೋದು. ಅಪ್ಪ ಪ್ರತಿ ಬೇಸಿಗೆ ಮುಗಿದ ಮೇಲೆ ಮುಳುಗಿಸ್ತಿದ್ದ. ನೀನು ಈ ಕಡೆ ತಲೆ ಹಾಕಿದ್ರೆ ತಾನೆ? ನಾಕು ದಿನ ಬಿಟ್ಟು ಕಲ್ಲು ತೆಗೆದ್ರೆ ಮೇಲೆ ಬರ್ತಾಳೆ.”

“ಅದನ್ನ ಅವರೆದುರು ಬೊಗಳೋಕೇನಾಗಿತ್ತು?”

“ಅವರು ನನ್ನ ಕೇಳಲಿಲ್ಲ. ನೀನೂ ಕೇಳಲಿಲ್ಲ.”

“ದೋಣಿ ಎದ್ದ ಮೇಲೆ ಮತ್ತೆ ಕರೆಸ್ತೀನಿ, ನೋಡ್ತಿರು.”

“ಕರೆಸು,” ಎಂದು ಅವಳು ಹುಟ್ಟನ್ನು ಹೆಗಲಿಗೇರಿಸಿ ಎದ್ದಳು. “ಆಚೆ ದಡಕ್ಕೆ ಹೋಗಬೇಕಂದ್ರೆ ಅವರನ್ನೂ ದಾಟಿಸ್ತೀನಿ.”