ಜನ ಇರುವ ಹಾಗೆ

ಒಂದು ಮನೆ ಖಾಲಿ ಇದ್ದರೆ ಜನ ಕೊಳ್ಳುತ್ತಾರೆ. ಕಟ್ಟಡವೇ ಖಾಲಿ ಇದ್ದರೆ ಏನೋ ಐಬಿದೆ ಎಂದು ಬಂದ ದಾರಿ ಹಿಡಿಯುತ್ತಾರೆ. ಹಾಗಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ಹನ್ನೆರಡು ಅಂತಸ್ತು, ನಲವತ್ತೆಂಟು ಮನೆ, ಒಂದು ನರಪಿಳ್ಳೆಯಿಲ್ಲ. ಎದುರಿನ ಕಟ್ಟಡದ ಕಥೆಯೂ ಅಷ್ಟೇ. ಬೆಳಿಗ್ಗೆ ಬಂದು ಕಿಟಕಿ ತೆರೆಯುತ್ತೇನೆ, ನಲ್ಲಿ ಬಿಡುತ್ತೇನೆ, ಎರಡೂ ಕಡೆಯ ಬಾಲ್ಕನಿಗಳಲ್ಲಿ ಅಂಗಿ, ಟವೆಲು, ಮಕ್ಕಳ ಚಡ್ಡಿ ಒಣಹಾಕುತ್ತೇನೆ. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವನು ಮನೆ ಮಾರುವ ಬ್ರೋಕರ್. ಸತ್ತವರ ಮನೆಗೂ ಹಲ್ಲು ಕಿರಿದುಕೊಂಡೇ ಹೋಗುವ ಆಸಾಮಿ, ಅದಕ್ಕೆ ನಾನು ಅವನನ್ನು ನಗುಮುಖ ಎನ್ನುತ್ತೇನೆ. ಅವನು ಗಿರಾಕಿ ಕರೆತಂದಾಗ ಪಕ್ಕದ ಮನೆಯಲ್ಲಿ ಕೂತು ಪಾತ್ರೆ ಬಡಿಯುವುದು, ಇಲ್ಲದ ಗಂಡನನ್ನು ಬೈಯುವುದು ನನ್ನದೇ ಉಪಾಯ. ಬೈಯುವುದರಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ.

ಇವತ್ತು ಶುಕ್ರವಾರ. ನಾಳೆ, ನಾಡಿದ್ದು ನನಗೂ ನಗುಮುಖನಿಗೂ ರಜೆ. ಹನ್ನೊಂದನೇ ಅಂತಸ್ತಿನ ಈ ಬಾಲ್ಕನಿಗೆ ಕೊನೆಯ ಬಟ್ಟೆ ಹಾಕಲು ಬಂದೆ. ಗಾಳಿ ಬೀಸಿತು. ಗಾಜಿನ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಅದರ ಚಿಲಕ ತಾನಾಗೇ ಬೀಳುತ್ತದೆ, ಒಳಗಿನಿಂದ ಮಾತ್ರ ತೆರೆಯುತ್ತದೆ.

ಮೊದಲು ನಗು ಬಂತು. ಆಮೇಲೆ ಒಳಗೆ ಅಡುಗೆ ಕಟ್ಟೆಯ ಮೇಲೆ ನನ್ನ ಫೋನು, ನೀರಿನ ಬಾಟಲಿ ಕಾಣಿಸಿದವು, ನಗು ನಿಂತಿತು. ಗಾಜನ್ನು ಒದ್ದೆ, ಮೊಣಕೈಯಿಂದ ಗುದ್ದಿದೆ. ದಪ್ಪ ಗಾಜು, ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಪಕ್ಕದ ಬಾಲ್ಕನಿಗೆ ಹಾರುವುದೇ? ಒಮ್ಮೆ ಕೆಳಗೆ ನೋಡಿದೆ, ಅಲ್ಲೇ ಕುಕ್ಕರಿಸಿದೆ.

ಕಾಪಾಡಿ ಎಂದು ಎದುರು ಕಟ್ಟಡದ ಕಡೆ ಕೂಗತೊಡಗಿದೆ. ಒಂದು ಬಾಲ್ಕನಿಯಲ್ಲಿ ಕೆಂಪು ಅಂಗಿ ಅಲುಗಿತು. ಯಾರೋ ಇದ್ದಾರೆ ಎಂದು ಜೀವ ಬಂದಂತಾಯಿತು. ಮರುಕ್ಷಣ ನೆನಪಾಯಿತು, ಬೆಳಿಗ್ಗೆ ಅದನ್ನು ಹಾಕಿದವಳು ನಾನೇ. ಅಲ್ಲಿರುವ ಒಂದೊಂದು ಬಟ್ಟೆಯೂ ನಾನು ಹಾಕಿದ್ದು.

ಮನೆಯಲ್ಲಿ ಕಾಯುವವರಿಲ್ಲ. ಮಗಳು ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ, ಸೋಮವಾರ ಬರುತ್ತಾಳೆ. ಅಲ್ಲಿಯವರೆಗೆ ಈ ಬಿಸಿಲು, ನೀರಿಲ್ಲ. ಲೆಕ್ಕ ಹಾಕಲು ಹೋದರೆ ಬಾಯಿ ಇನ್ನೂ ಒಣಗುತ್ತದೆ. ನನಗೆ ಭಯವಾಗುತ್ತಿದೆ. ಮಗಳ ಹೆಸರು ಹಿಡಿದು ಅತ್ತುಬಿಟ್ಟೆ.

ಮೂರು ಗಂಟೆ ಕೂಗಿ ಗಂಟಲು ಕಟ್ಟಿಹೋದ ಮೇಲೆ ಪಕ್ಕದ ಮನೆಯ ಬೀಗ ತೆರೆದ ಸದ್ದು ಕೇಳಿತು. ನಗುಮುಖ! ಜೊತೆಗೆ ಗಂಡ ಹೆಂಡತಿ, ಗಿರಾಕಿಗಳು. ಅವರ ಮಾತು ನಡುಗೋಡೆಯಲ್ಲಿ ನನ್ನ ತಲೆಯ ಮೇಲಿದ್ದ ಗವಾಕ್ಷಿಯಿಂದ ಸ್ಪಷ್ಟವಾಗಿ ಬರುತ್ತಿತ್ತು. ನಾನು ಗೋಡೆ ಬಡಿದೆ, ಉಳಿದಷ್ಟು ದನಿಯೆಲ್ಲ ಹಾಕಿ ಬಾಗಿಲು ತೆಗೀರಿ, ಬಾಗಿಲು ತೆಗೀರಿ ಎಂದೆ. ಮಿಕ್ಕ ಮಾತೆಲ್ಲ ಬರೀ ಗೊರಗೊರ.

ಏನದು ಎಂದು ಆ ಹೆಂಗಸು ಕೇಳಿದಳು.

"ಪಕ್ಕದ ಮನೆಯವರು. ಗಂಡ ಮುನಿಸಿಕೊಂಡು ರೂಮಲ್ಲಿ ಬಾಗಿಲು ಹಾಕ್ಕೊಂಡಿರ್ಬೇಕು," ಎಂದ ನಗುಮುಖ. "ಸಂಸಾರ ಅಂದ್ಮೇಲೆ ಇದೆಲ್ಲ ಇರೋದೇ ಅಲ್ವಾ ಮೇಡಂ."

ಮೂವರೂ ನಕ್ಕರು. ನಾನು ಕೈಯಲ್ಲಿ ರಕ್ತ ಬರುವಷ್ಟು ಗೋಡೆ ಬಡಿದೆ. ಬಾಲ್ಕನಿ ನೋಡಬಹುದಾ ಎಂದು ಅವಳ ಗಂಡ ಕೇಳಿದ. ನಾನು ಕಂಬಿ ಹಿಡಿದು ಆ ಕಡೆ ಬಾಗಿದೆ. ಬಂದರೆ ನಾನು ಕಾಣುತ್ತೇನೆ. ಆದರೆ ಅವಳೇ ಬೇಡ ಎಂದಳು. ಅವರ ಜಗಳದ ಮಧ್ಯೆ ಇಣುಕಿದರೆ ಏನು ತಿಳಿದುಕೊಳ್ಳುತ್ತಾರೋ ಎಂದು ಅವಳಿಗೆ ಸಂಕೋಚ.

"ಮನೆ ಇಷ್ಟ ಆಯ್ತು," ಎಂದಳು. "ಅಕ್ಕಪಕ್ಕ ಜನ ಇದ್ರೆ ಭಯ ಇರಲ್ಲ."

ಗಂಡ ಹೆಂಡತಿ ಲಿಫ್ಟಿನ ಕಡೆ ಹೋದರು. ನಗುಮುಖ ಹಿಂದೆ ಉಳಿದ. ಅವನ ಹೆಜ್ಜೆ ಗೋಡೆಯ ಹತ್ತಿರ ಬಂತು. ಗೊತ್ತಾಯಿತು ಇವನಿಗೆ ಎಂದುಕೊಂಡು ಗವಾಕ್ಷಿಯತ್ತ ಮುಖವೆತ್ತಿದೆ, ಬಾಯಿ ತೆರೆದೆ. ದನಿ ಹೊರಡಲಿಲ್ಲ.

"ಭೇಷ್ ಅಕ್ಕಾ," ಎಂದು ಅವನು ಪಿಸುಗುಟ್ಟಿದ. "ಇವತ್ತಿನಷ್ಟು ಚೆನ್ನಾಗಿ ಯಾವತ್ತೂ ಮಾಡಿರ್ಲಿಲ್ಲ. ಸಾಕು, ಮನೆಗೆ ಹೋಗಿ. ಸೋಮವಾರ ಸಿಗೋಣ."