ಸಕ್ಕರೆ ಬಿಟ್ಟ ಉಮಾಮಹೇಶ್ವರ

ಹಿರೇಕೊಡಿಗೆಯ ಪರಮೇಶ್ವರಪ್ಪ ತೀರಿಕೊಂಡಿದ್ದು ಕಾಲಿಗೆ ಮುಳ್ಳು ಚುಚ್ಚಿ ನಂಜಾಗಿ. ಊರಿಗೆ ಹೇಳಿದ್ದು ಹಾಗೆ. ಮುಳ್ಳು ಚುಚ್ಚಿದ್ದೇನೂ ಸುಳ್ಳಲ್ಲ. ಆದರೆ ಆ ಊರಲ್ಲಿ ಮುಳ್ಳು ಚುಚ್ಚದ ಕಾಲು ಯಾವುದಿದೆ? ಐವತ್ತೊಂದನೇ ವಯಸ್ಸಿನಲ್ಲಿ ಅವರ ಗಾಯ ಮಾಯದೇ ಹೋಗಿದ್ದು ಸಕ್ಕರೆ ಕಾಯಿಲೆಯಿಂದ. ಅದು ಮನೆಯೊಳಗಿನವರಿಗೆ ಮಾತ್ರ ಗೊತ್ತಿತ್ತು. "ಮದುವೆಗೆ ಬಂದ ಹುಡುಗಿ ಇರೋ ಮನೆ. ಎಂತಕ್ಕೆ ಊರಿಗೆಲ್ಲ ಡಂಗುರ?" ಎಂದು ಅವರ ಹೆಂಡತಿ ಸಣ್ಣಕ್ಕ ಎಲ್ಲರ ಬಾಯಿಗೂ ಬೀಗ ಹಾಕಿಸಿದ್ದಳು.

ಅಪ್ಪನ ಕಾಲಿಗೆ ದಿನಾ ಬಟ್ಟೆ ಸುತ್ತಿದವನು ಮಗ ಉಮಾಮಹೇಶ್ವರ. ಆ ವಾಸನೆ ಅವನ ಮೂಗಿನಿಂದ ಹೋಗಲೇ ಇಲ್ಲ. ಎರಡು ಸಾವಿರದ ಮೂರರಲ್ಲಿ, ಮೂವತ್ತಾರು ತುಂಬಿದಾಗ, ಕೊಪ್ಪಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ಇನ್ನೂ ಏನೂ ಆಗಿಲ್ಲ, ಆದರೆ ಅಂಚಿನಲ್ಲಿದ್ದೀರಿ ಎಂದರು ಡಾಕ್ಟರು. "ನಲವತ್ತಾಗ್ಲಿ, ಆಮೇಲೆ ನೋಡೋಣ ಅಂತ ಕೂತ್ಕೋಬೇಡಿ. ಬಿಡೋದಿದ್ರೆ ಈಗ್ಲೇ ಬಿಡಿ."

ಅವತ್ತೇ ಸಕ್ಕರೆ ಬಿಟ್ಟ. ಬೆಳಗ್ಗೆ ಎದ್ದು ಡಾಂಬರು ರಸ್ತೆಯವರೆಗೆ ನಡೆದು ಬರತೊಡಗಿದ. ಐದು ವರ್ಷದ ಮಗಳು ಸಿಂಚನಾ ಬೆರಳು ಹಿಡಿದು ಜೊತೆಗೆ ಬರುತ್ತಿದ್ದಳು.

ಸಕ್ಕರೆ ಬಿಡುವುದು ಸುಲಭವಿತ್ತು, ನಡೆಯುವುದೇ ಕಷ್ಟ. ಕೆಲಸವಿಲ್ಲದೆ ನಡೆಯುವ ಮನುಷ್ಯನನ್ನು ಆ ರಸ್ತೆ ಕಂಡೇ ಇರಲಿಲ್ಲ. ಹೋಗುವ ಜೀಪೆಲ್ಲ ನಿಲ್ಲುತ್ತಿತ್ತು.

"ಬೈಕಿಗೆ ಎಂತ ಆಯ್ತು ಮಾರಾಯ?"

"ಎಂತ ಆಗ್ಲಿಲ್ಲ. ಸುಮ್ನೆ ನಡೀತಿದ್ದೀನಿ."

"ಸುಮ್ನೆ ಯಾರಾದ್ರೂ ನಡೀತಾರಾ? ಹತ್ತು, ಹತ್ತು."

ಹತ್ತದೇ ಇರಲು ಜಗಳವಾಡುವಷ್ಟು ಮಾತಾಡಬೇಕಾಗುತ್ತಿತ್ತು. ಆದರೂ ಎಂಟು ತಿಂಗಳು ಬಿಡಲಿಲ್ಲ. ಪ್ಯಾಂಟು ಸಡಿಲವಾಯಿತು, ಮಧ್ಯಾಹ್ನದ ತೂಕಡಿಕೆ ಹೋಯಿತು. ಅಪ್ಪನ ದಾರಿ ತಪ್ಪಿಸಿಕೊಂಡೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಅಷ್ಟರಲ್ಲಿ ತಂಗಿ ಗಂಗಾಂಬಿಕೆಗೆ ನರಸಿಂಹರಾಜಪುರದಿಂದ ಸಂಬಂಧ ಬಂತು. ಹುಡುಗ ವಿವೇಕ ಮೇಷ್ಟ್ರು. ಇಪ್ಪತ್ತೇಳಾದ ಗಂಗಾ ಮೊದಲ ಸಲ ಒಬ್ಬನನ್ನು ಮನಸಾರೆ ಒಪ್ಪಿದ್ದಳು. ಇನ್ನು ಗಂಡಿನ ಮನೆ ನೋಡಿ ಬರುವುದೊಂದು ಬಾಕಿ. ಹೆಣ್ಣಿನ ಕಡೆಯವರು ಅಲ್ಲಿ ಸಿಹಿ ತಿಂದರೆ ಒಪ್ಪಿಗೆ, ಮುಟ್ಟದೆ ಎದ್ದರೆ ಇಲ್ಲ. ಬಾಯಿ ಬಿಟ್ಟು ಹೇಳುವ ಪದ್ಧತಿಯಿಲ್ಲ.

ಹಿಂದಿನ ಸಂಜೆ ಗಂಗಾ ಅಣ್ಣನ ಹತ್ತಿರ ಬಂದು ನಿಂತಳು. "ಅಣ್ಣ, ಅಲ್ಲಿ ತಿಂತೀಯಲ್ಲ? ಒಂದೇ ದಿನ."

"ಒಂದೇ ದಿನಕ್ಕೆ ಎಂತ ಆಗ್ತದೆ, ಹೋಗು," ಎಂದು ನಕ್ಕ.

ಮರುದಿನ ಗಂಡಿನ ಮನೆಯಲ್ಲಿ ತಟ್ಟೆ ತುಂಬ ಕೇಸರಿಬಾತು ಬಂತು. ಎಂಟು ತಿಂಗಳ ಅಭ್ಯಾಸ. ಕೈ ತಾನಾಗಿಯೇ ತಡೆಯಿತು. ಹುಡುಗನ ದೊಡ್ಡಪ್ಪನ ಕಣ್ಣು ಆ ಕೈಯ ಮೇಲೇ ಇತ್ತು.

"ಎಷ್ಟಿದೆ?" ಎಂದರು.

ನಮ್ಮ ಕಡೆ ಸಿಹಿ ಬಿಟ್ಟವನನ್ನು ಯಾಕೆ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲ. ಕಾಯಿಲೆ ಬಂದವನು ಬಿಡುತ್ತಾನೆ. ಬಾರದಿರಲಿ ಎಂದು ಬಿಡುವವನನ್ನು ಯಾರು ಕಂಡಿದ್ದಾರೆ? ಆದ್ದರಿಂದ ನೇರ ಲೆಕ್ಕಕ್ಕೇ ಬರುತ್ತಾರೆ, ಎಷ್ಟಿದೆ ಅಂತ. ಸಣ್ಣಕ್ಕನ ಮುಖ ಬಿಳಿಚಿತು.

"ಎಷ್ಟೂ ಇಲ್ಲ. ಬಿಸಿ ಆರ್ಲಿ ಅಂತ," ಎಂದ ಉಮಾಮಹೇಶ್ವರ. ಮೂರು ಸಲ ಹಾಕಿಸಿಕೊಂಡು ತಿಂದ. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳಿ ಹಾಕಿಸಿಕೊಂಡ. ಸಂಬಂಧ ಕುದುರಿತು.

ಒಂದು ದಿನ ಒಂದೇ ದಿನವಾಗಿ ಉಳಿಯಲಿಲ್ಲ. ನಿಶ್ಚಿತಾರ್ಥ, ಮದುವೆ, ಬೀಗರ ಊಟ, ಸೀಮಂತ, ತೊಟ್ಟಿಲು. ಶೃಂಗೇರಿಯಿಂದ ಬಾಳೆಹೊನ್ನೂರಿನವರೆಗೆ ಯಾವ ಪಂಕ್ತಿಯಲ್ಲಿ ಕೂತರೂ ಬೀಗರ ಕಡೆಯವರೊಬ್ಬರು ಎದುರಿಗೆ. ನಡೆಯುವುದನ್ನೂ ಅಮ್ಮನೇ ನಿಲ್ಲಿಸಿದಳು. "ಡಾಕ್ಟ್ರು ಹೇಳಿದವ್ರು ಮಾತ್ರ ಹೀಗೆ ನಡೆಯೋದು ಅಂತ ಜನಕ್ಕೆ ಗೊತ್ತಾಗಿದೆ." ಮೊದಲ ವರ್ಷ ಅವನು ತಿಂದಿದ್ದು ತಂಗಿಗಾಗಿ. ಆಮೇಲಿನದಕ್ಕೆ ತಂಗಿಯನ್ನು ದೂರುವಂತಿಲ್ಲ. ನಾಲಿಗೆಗೆ ಒಂದು ಒಳ್ಳೆಯ ನೆಪ ಸಿಕ್ಕಿತ್ತು, ಅವನು ಅದನ್ನು ಬಿಡಲಿಲ್ಲ ಅಷ್ಟೇ.

ನಲವತ್ತಕ್ಕೆ ಕಣ್ಣು ಮಂಜಾಯಿತು. ರಿಪೋರ್ಟು ನೋಡಿ ಡಾಕ್ಟರು ಬೈಯಲಿಲ್ಲ. "ನಾಲ್ಕು ವರ್ಷ ಎಲ್ಲಿದ್ರಿ?" ಎಂದರು.

"ನೆಂಟರ ಮನೇಲಿ," ಎಂದ.

ಮನೆಯಲ್ಲಿ ಸಣ್ಣಕ್ಕ ಕಣ್ಣೊರೆಸಿಕೊಂಡು ಮಾಡಿದ ಮೊದಲ ಕೆಲಸ ಮಾತ್ರೆಯ ವ್ಯವಸ್ಥೆ. "ಕೊಪ್ಪದಲ್ಲಿ ತಗೋಬೇಡ, ಎಲ್ಲ ಪರಿಚಯದವ್ರು. ಬಾಳೆಹೊನ್ನೂರಿಂದ ತಾ. ಸಿಂಚನಾಗೆ ಒಂಬತ್ತು ತುಂಬ್ತು. ಇನ್ನು ಹತ್ತು ಹನ್ನೆರಡು ವರ್ಷ ಹೇಗಾರೂ ತಳ್ಳಿದ್ರೆ ಅವಳದ್ದೊಂದು ಆಗ್ತದೆ."

ಅವನಿಗೆ ಉರಿದುಹೋಯಿತು. ಅಮ್ಮನ ಮೇಲಲ್ಲ, ಮರುಮಾತಿಲ್ಲದೆ ತಲೆ ಆಡಿಸಿದ ತನ್ನ ಮೇಲೆ.

ಆ ದೀಪಾವಳಿಗೆ ಗಂಗಾ, ಅಳಿಯ, ಅಳಿಯನ ದೊಡ್ಡಪ್ಪ ಎಲ್ಲ ಊಟಕ್ಕೆ ಬಂದರು. ಎಲೆಗೆ ಹೋಳಿಗೆ ಬಿತ್ತು. ಉಮಾಮಹೇಶ್ವರನ ಪಕ್ಕ ಕೂತಿದ್ದ ಸಿಂಚನಾ ಎಲೆಗೆ ಅಡ್ಡ ಕೈ ಹಿಡಿದಳು.

"ನಂಗೆ ಬೇಡ. ನಾನು ಸಿಹಿ ಬಿಟ್ಟಿದ್ದೀನಿ. ದಿನಾ ನಡೀತೀನಿ ಕೂಡ, ಸ್ಕೂಲಿಗೆ."

"ಅಲ್ಲ, ನಿಂಗೆಂತಕ್ಕೆ ಅದೆಲ್ಲ?" ಎಂದು ಗಂಗಾ ತಡವರಿಸಿದಳು.

"ಮುತ್ತಜ್ಜಿ ಆಗೋವರೆಗೆ ಚೆನ್ನಾಗಿರ್ಬೇಕು ಅಂತ."

ದೊಡ್ಡಪ್ಪ ತುತ್ತು ನಿಲ್ಲಿಸಿ ಮಗುವನ್ನು ನೋಡಿದರು, ಆಮೇಲೆ ಅಪ್ಪನನ್ನು. ಇಡೀ ಮನೆಯಲ್ಲಿ ಬುದ್ಧಿಯಿದ್ದ ಒಂದೇ ಮಾತು ಅದು ಎಂದು ಉಮಾಮಹೇಶ್ವರನಿಗೆ ಗೊತ್ತಿತ್ತು.

ಅವನು ತನ್ನ ಎಲೆಯ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಮಗಳ ಗಲ್ಲ ಹಿಡಿದು ಬಾಯಿಗೆ ತುರುಕಿದ. "ಸುಮ್ನೆ ತಿನ್ನು. ಮಕ್ಕಳಾಟ ನೋಡಿ ಇವಳದ್ದು," ಎಂದು ದೊಡ್ಡಪ್ಪನ ಕಡೆ ತಿರುಗಿ ನಕ್ಕ. ಸಿಂಚನಾ ಉಗುಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಅಪ್ಪನನ್ನೇ ನೋಡುತ್ತ ಅಗಿದಳು. ನುಂಗಿದ ಮೇಲೆ ಅವನು ಅವಳ ಎಲೆಗೆ ಇನ್ನೊಂದು ಹಾಕಿಸಿದ.