ಹದಿನಾಲ್ಕನೆಯ ನಂಬರು

ನಾಲ್ಕರ ಅಂಕಿ ಸಲೀಸಾಗಿ ಬಿಟ್ಟುಬಂತು. ಒಂದರ ಅಂಕಿ ಮಾತ್ರ ಹಟ ಹಿಡಿಯಿತು. ಅವಳು ಬ್ಲೇಡಿನ ಮೂಲೆಯನ್ನು ಕೆಂಪು ದಾರದ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು ಮೀಟಿದಳು. ಕಾಲರಿನ ಒಳಗೆ ಹದಿನಾಲ್ಕು ಇದ್ದಲ್ಲಿ ಸೂಜಿಯ ತೂತುಗಳಷ್ಟೇ ಉಳಿದವು.

ಕಾನ್ವೆಂಟಿನಲ್ಲಿ ಇಪ್ಪತ್ತು ಸಿಸ್ಟರುಗಳು, ಎಲ್ಲರಿಗೂ ಒಂದೇ ಥರದ ಬಿಳಿ ನಿಲುವಂಗಿ. ಒಗೆದ ಮೇಲೆ ಅದಲುಬದಲಾಗದಿರಲೆಂದು ಕೋಣೆಯ ನಂಬರನ್ನು ಕಾಲರಿಗೆ ಹೊಲಿದುಕೊಳ್ಳಬೇಕು, ವರ್ಗವಾದಾಗ ಬಿಚ್ಚಬೇಕು. ನಂಬರು ಕೋಣೆಯದು, ಸಿಸ್ಟರಿನದಲ್ಲ.

"ಇನ್ನೂ ಮುಗೀಲಿಲ್ವಾ?" ಅಡುಗೆಮನೆಯ ಸಿಸ್ಟರ್ ಬಾಗಿಲಲ್ಲಿ ಇಣುಕಿದರು. "ಹೊಸಬರು ಮಧ್ಯಾಹ್ನದ ಬಸ್ಸಿಗೆ ಬರ್ತಾರಂತೆ. ಅಳ್ತಾ ಇಲ್ಲ ತಾನೆ?"

"ಇಲ್ಲಪ್ಪ."

"ನನ್ನ ಮೊದಲನೇ ವರ್ಗಕ್ಕೆ ನಾನು ಬಕೆಟ್ ತುಂಬ ಅತ್ತಿದ್ದೆ. ಒಂದು ಬಕೆಟ್ ನೀರು ಸೇದೋದು ಉಳೀತು ಅಂದ್ರು ಮದರ್."

ಅವಳು ನಕ್ಕು, ನಂಬರು ಬಿಚ್ಚಿದ ನಿಲುವಂಗಿಯನ್ನು ಒಗೆಯುವ ಬಟ್ಟೆಗಳ ಬುಟ್ಟಿಗೆ ಹಾಕಿದಳು. ನಿಜಕ್ಕೂ ಅಳು ಬಂದಿರಲಿಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಬಾರದ ಅಳುವನ್ನೂ ಒಮ್ಮೆ ತಿರುವಿಹಾಕಿ ನೋಡಿದಳು. ನಾಲ್ಕು ವರ್ಷ ಹೊಲಿಗೆ ತರಗತಿ, ಔಷಧಿ ಕೊಡುವ ಕೋಣೆ, ಹಾಸಿಗೆ ಹಿಡಿದವರ ಮನೆಗಳಿಗೆ ಭೇಟಿ. ಹೊಟ್ಟೆ ತುಂಬಿದಂಥ ಒಂದು ತೃಪ್ತಿ. ಒಂದೇ ಒಂದು ಮುಳ್ಳು: ಆ ಅಜ್ಜಿ.

ಅಜ್ಜಿಗೆ ಸಕ್ಕರೆ ಕಾಯಿಲೆ. ಕಣ್ಣು ಹೋಗಿತ್ತು, ಕಾಲಿನ ಗಾಯ ಹೋಗಿರಲಿಲ್ಲ. ಮೊದಲ ದಿನ ಇವಳು ಕಾಲು ಮುಟ್ಟಿದೊಡನೆ, "ಬಂದ್ರಾ ಸಿಸ್ಟರಮ್ಮ? ಮಗಳು ಹೋದಾಗ ಮೂರು ದಿನ ನನ್ನ ಪಕ್ಕದಿಂದ ಏಳಲಿಲ್ಲವಲ್ಲ ನೀವು!" ಎಂದಿದ್ದಳು. ಹಾಗೆ ಜೊತೆಗಿದ್ದ ಸಿಸ್ಟರ್ ವರ್ಗವಾಗಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಇವಳು ಸಂಕೋಚದಿಂದ "ಹೂಂ" ಎಂದುಬಿಟ್ಟಳು. ಆ ಒಂದು ಹೂಂ ನಾಲ್ಕು ವರ್ಷ ಬಾಳಿತು.

ಇವತ್ತು ಹೇಳಿಬಿಡಬೇಕು. ಸತ್ಯದ ಮೇಲಿನ ಪ್ರೀತಿಯಿಂದಲ್ಲ ಎಂಬುದು ಅವಳಿಗೇ ಗೊತ್ತಿತ್ತು. ನಾಳೆ ಈ ಊರು ಬಿಡುವುದು ತಾನು, ಬೇರೆ ಯಾರೋ ಅಲ್ಲ ಎಂದು ಒಬ್ಬರಿಗಾದರೂ ತಿಳಿದಿರಲಿ. ಅಷ್ಟೇ ಆಸೆ.

ಅಜ್ಜಿಯ ಸೊಸೆ ಬಿಸಿನೀರಿನ ಬೇಸಿನ್ ಇಟ್ಟು ಒಳಗೆ ಹೋದಳು. ಇವಳು ಅಜ್ಜಿಯ ಕಾಲಿನ ಹಳೆಯ ಪಟ್ಟಿ ಬಿಚ್ಚಿದಳು. ಗಾಯ ಒಣಗುತ್ತಿತ್ತು, ಅಂಚಿನಲ್ಲಿ ಎಳೆಯ ಚರ್ಮ.

"ಏನು ಸಿಸ್ಟರಮ್ಮ, ಬಾಯಿಗೂ ಪಟ್ಟಿ ಕಟ್ಕೊಂಡು ಬಂದಿದ್ದೀರಾ?"

"ಅಜ್ಜಿ, ನನಗೆ ವರ್ಗವಾಗಿದೆ. ನಾಳೆ ಹೋಗ್ತೀನಿ."

"ಹೋಗಿಬನ್ನಿ."

"ಇನ್ನೊಂದು ವಿಷಯ. ನಿಮ್ಮ ಮಗಳು ಹೋದಾಗ ಜೊತೆಗಿದ್ದದ್ದು ನಾನಲ್ಲ. ಆಗ ನಾನಿನ್ನೂ ಕಾಲೇಜಲ್ಲಿದ್ದೆ."

ಹತ್ತಿಯ ಉಂಡೆ ಬೆರಳಲ್ಲೇ ನಿಂತಿತು.

"ಗೊತ್ತಲ್ಲ," ಎಂದಳು ಅಜ್ಜಿ.

"ಏನು ಗೊತ್ತು?"

"ನೀವು ಮೂರನೆಯವರು. ಕಣ್ಣು ಹೋದ್ರೆ ಬುದ್ಧೀನೂ ಹೋಗುತ್ತಾ? ಮೊದಲನೆಯವರ ಕೈ ತಣ್ಣಗೆ, ಬಾವಿ ನೀರಿನ ಹಾಗೆ. ಎರಡನೆಯವರದ್ದು ಬಾಯೇ ಬಾಯಿ, ಗಾಯಕ್ಕೂ ಬುದ್ಧಿ ಹೇಳೋರು."

"ಮತ್ತೆ ಯಾಕೆ ಅಜ್ಜಿ, ಇಷ್ಟು ದಿನ..."

"ಹೊಸಬರು ಬಂದಾಗೆಲ್ಲ ಮಗಳು ಸತ್ತಿದ್ದನ್ನ ಮೊದಲಿಂದ ಹೇಳ್ಬೇಕಾ? ನೀವು ಹೂಂ ಅಂದ್ರಿ, ನನಗೆ ಒಂದು ಸಾವು ಉಳೀತು."

ಅವಳು ಗಾಯ ಒರೆಸಿದಳು, ಮುಲಾಮು ಸವರಿದಳು. ಬಾಯಿ ತಡೆಯಲಿಲ್ಲ.

"ಮತ್ತೆ ನಾನು? ನಾನು ಹೇಗೆ?"

ಅಜ್ಜಿ ಯೋಚಿಸಿದಳು. ಬೇಸಿನ್ನಿನ ನೀರು ತಣಿಯುವಷ್ಟು ಹೊತ್ತು ಯೋಚಿಸಿದಳು. ಇವಳು ತಲೆ ಬಗ್ಗಿಸಿ ಹೊಸ ಪಟ್ಟಿ ಸುತ್ತುತ್ತ ಕಾದಳು.

"ನೀವು... ನೀವು ಒಳ್ಳೆಯವರು, ಸಿಸ್ಟರಮ್ಮ."

"ಪಟ್ಟಿ ಬಿಗಿಯಾಯ್ತಾ?"

"ಇಲ್ಲ, ಸರಿಯಾಗಿದೆ. ಬರೋರಿಗೂ ಹೇಳಿ, ಹೂಂ ಅಂದ್ರೆ ಸಾಕು ಅಂತ."

ಬೀದಿಗಿಳಿದಾಗ ಬಿಸಿಲು ಹಿತವಾಗಿತ್ತು. ಅವಮಾನವಾಗಬೇಕಿತ್ತಲ್ಲ ಎಂದುಕೊಂಡಳು. ಆಗಲಿಲ್ಲ. ಕೈಯಲ್ಲಿದ್ದ ಔಷಧಿಯ ಪೆಟ್ಟಿಗೆ ಹಗುರವಾಗಿತ್ತು, ಅವಳೂ ಹಗುರವಾಗಿದ್ದಳು. ಎಷ್ಟು ಹಗುರವೆಂದರೆ ಅಂಗಡಿಯೊಂದರ ಗಾಜಿನಲ್ಲಿ ಬಿಳಿ ನಿಲುವಂಗಿಯೊಂದು ಹಾದುಹೋದದ್ದನ್ನು ಕಂಡು, ನಮ್ಮ ಸಿಸ್ಟರ್ ಯಾರೋ ಬಂದರೆಂದು ತಿರುಗಿ ನೋಡಿದಳು.

ಹದಿನಾಲ್ಕನೆಯ ಕೋಣೆಯಲ್ಲಿ ಹೊಸ ಸಿಸ್ಟರ್ ಮಂಚದ ಮೇಲೆ ಕೂತು ಸೂಜಿಗೆ ಕೆಂಪು ದಾರ ಪೋಣಿಸುತ್ತಿದ್ದಳು. ತೀರಾ ಎಳೆಯ ಮುಖ.

"ಸಿಸ್ಟರ್, ಆ ಕಣ್ಣು ಕಾಣದ ಅಜ್ಜಿ ಇದ್ದಾರಂತಲ್ಲ, ಅವರ ಹತ್ರ ಹೇಗೆ ಮಾತಾಡ್ಬೇಕು?"

"ಮಗಳು ಹೋದ ವಿಷಯ ತೆಗೀತಾರೆ. ನೀವೇ ಜೊತೆಗಿದ್ರಿ ಅಂತಾರೆ. ಹೂಂ ಅನ್ನಿ, ಸಾಕು."

"ನಾನು ಇರ್ಲೇ ಇಲ್ವಲ್ಲ ಸಿಸ್ಟರ್?"

"ನಾನೂ ಇರ್ಲಿಲ್ಲ."

ಹುಡುಗಿಗೆ ಅರ್ಥವಾಗಲಿಲ್ಲ. ನಕ್ಕು, ನಾಲಿಗೆಯಿಂದ ದಾರದ ತುದಿ ಒದ್ದೆ ಮಾಡಿಕೊಂಡಳು.

ಸಂಜೆ ಅವಳು ಮಹಡಿಯ ವರಾಂಡದಲ್ಲಿ ಚಹಾ ಹಿಡಿದು ನಿಂತಿದ್ದಳು. ಕೆಳಗಿನ ಅಂಗಳದಲ್ಲಿ ಬಟ್ಟೆ ತೆಗೆಯುವ ಸರದಿಯ ಸಿಸ್ಟರ್ ಹಗ್ಗದುದ್ದಕ್ಕೂ ನಡೆಯುತ್ತಿದ್ದರು. ಪ್ರತಿ ಕಾಲರು ಮಗುಚಿ ನೋಡುವುದು, ನಂಬರು ಗಟ್ಟಿಯಾಗಿ ಹೇಳುವುದು, ತೋಳಿನ ಮೇಲೆ ಹಾಕಿಕೊಳ್ಳುವುದು. ಮೂರು. ಹದಿನೇಳು. ಎಂಟು. ಕೊನೆಯದರ ಕಾಲರನ್ನು ಮಗುಚಿದರು. ಮತ್ತೆ ಮಗುಚಿದರು.

"ಇದ್ಯಾರದ್ದು?" ಎಂದು ಅಂಗಳವನ್ನೇ ಕೇಳಿದರು.

ಅವಳು ಬಾಯಿ ತೆರೆದಳು. ಚಹಾ ಕುಡಿಯಲು ಬೇಕಾದಷ್ಟೇ ಬೆಚ್ಚಗಿತ್ತು. ಒಂದು ಗುಟುಕು ಕುಡಿದಳು. ಬಹಳ ಚೆನ್ನಾಗಿತ್ತು.

ಸಿಸ್ಟರ್ ಅದನ್ನು ಹಗ್ಗದಲ್ಲೇ ಬಿಟ್ಟು ಒಳಗೆ ಹೋದರು. ಖಾಲಿ ಹಗ್ಗದ ತುದಿಯಲ್ಲಿ, ಎರಡೂ ತೋಳುಗಳಿಗೆ ಕ್ಲಿಪ್ಪು ಕಚ್ಚಿಸಿಕೊಂಡು ಅದೊಂದೇ ತೂಗುತ್ತಿತ್ತು. ಗಾಳಿ ಬಂದಾಗ ಅದರ ಎದೆ ಉಬ್ಬಿತು, ಯಾರೋ ಒಳಗೆ ಬಂದು ನಿಂತ ಹಾಗೆ. ಗಾಳಿ ಹೋಯಿತು.